ಏಪ್ರಿಲ್ ಸೆಕೆಯಲ್ಲಿ ಬೇಗ ಆಗುವ ಊಟ ಯಾವುದು? ಅನುಭವ ಇದ್ದವರು ಹೇಳಿ

ಕುಂಬಳೆ ಸೊಸೆ:
ನಾವು ಐದು ಜನ. ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುವವರು. ನನಗೆ ಬೆಳಗ್ಗೆ 7.20ಕ್ಕೆ ಮಂಗಳೂರು ಬಸ್ಸು. ಮಕ್ಕಳಿಗೆ ಏಪ್ರಿಲ್, ಮೇ ರಜೆ. ಅತ್ತೆ ಮನೆಯಲ್ಲೇ ಇದ್ದಾರೆ, ಆದರೆ ಅವರಿಗೆ ಮೊಣಕಾಲು ನೋವು. ಈ ಸೆಕೆಗೆ ಒಲೆ ಎದುರು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಲು ಆಗುತ್ತಿಲ್ಲ. ಬೆಳಗ್ಗೆ ಮಾಡಿಟ್ಟದ್ದು ಮಧ್ಯಾಹ್ನಕ್ಕೆ ಹಾಳಾಗಬಾರದು, ಮಕ್ಕಳ ಹೊಟ್ಟೆಯೂ ತುಂಬಬೇಕು. ಸಸ್ಯಾಹಾರ ಮಾತ್ರ. ಸಣ್ಣ ಮಗನಿಗೆ ಮೊಸರು, ಮಜ್ಜಿಗೆ ಆಗುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಬದಿಯಡ್ಕದ ಅಮ್ಮ:
ತಂಬುಳಿ. ಬೇರೆ ಮಾತೇ ಇಲ್ಲ. 19 ವರ್ಷದಿಂದ ನಮ್ಮ ಮನೆಯ ಬೇಸಿಗೆ ಕಳೆದದ್ದು ತಂಬುಳಿಯಲ್ಲೇ. ದೊಡ್ಡಪತ್ರೆ, ಪೇರಳೆ ಕುಡಿ ಆದರೆ ಜೀರಿಗೆ, ಒಳ್ಳೆಮೆಣಸಿನ (ಕಾಳುಮೆಣಸು) ಜೊತೆ ತುಪ್ಪದಲ್ಲಿ ಸ್ವಲ್ಪ ಬಾಡಿಸಬೇಕು. ಒಂದೆಲಗಕ್ಕೆ ಅದೂ ಬೇಡ. ಕಾಯಿ ಹಾಕಿ ಕಡೆದು ಮಜ್ಜಿಗೆ ಸೇರಿಸಿದರೆ ಮುಗಿಯಿತು.

ಆದರೆ ನಾನು ಮಾಡಿದ ತಪ್ಪು ಮಾಡಬೇಡಿ. ಹೋದ ವರ್ಷ ಸಮಯ ಉಳಿಯಲಿ ಎಂದು ಭಾನುವಾರವೇ ಆರು ತೆಂಗಿನಕಾಯಿ ತುರಿದು, ಕಡೆದು, ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಅದೇ ರಾತ್ರಿ ಕರೆಂಟು ಹೋಯಿತು. ಬಂದದ್ದು ಮರುದಿನ ಸಂಜೆ ನಾಲ್ಕಕ್ಕೆ. ಆರೂ ಕಾಯಿ ಹುಳಿ ವಾಸನೆ! 2025ರಲ್ಲಿ ತೆಂಗಿನಕಾಯಿ ಕಿಲೋಗೆ 60 ರೂಪಾಯಿ ದಾಟಿದ್ದು ನೆನಪಿದೆ ಅಲ್ವಾ? ಮನೆಯ ತೋಟದ ಕಾಯಿ ಆದರೂ ಅದನ್ನು ಮಾರಿದ್ದರೆ ಎಷ್ಟಾಗುತ್ತಿತ್ತು ಎಂದು ಮಾವ ಲೆಕ್ಕ ಹಾಕಿ ಹೇಳಿದರು. ಮೂರು ದಿನ ಅದನ್ನೇ ಹೇಳಿದರು. ಅಂದಿನಿಂದ ನಾನು ಆಯಾ ದಿನದ ಕಾಯಿ ಆಯಾ ದಿನವೇ ತುರಿಯುವುದು.

ಪೆರ್ಲದವಳು:
ತಂಬುಳಿ ಒಂದರಿಂದಲೇ ಮಕ್ಕಳ ಹೊಟ್ಟೆ ತುಂಬುವುದಿಲ್ಲ. ನಾನು ಹೇಳುವುದು ಹಲಸು. ಈಗ ಮರದ ತುಂಬ ಕಾಯಿ ಇದೆ, ಉಪ್ಪುಸೊಳೆ ಹಾಕಿಡಿ.

ಮೊದಲ ವರ್ಷ ನನಗೆ ಆದದ್ದು ಕೇಳಿ. ಎರಡು ದೊಡ್ಡ ಹಲಸಿನಕಾಯಿ ಕೊಯ್ಯಿಸಿದೆ. ಮರ ಹತ್ತಿದವನಿಗೆ 300 ರೂಪಾಯಿ. ಕೈಗೆ, ಕತ್ತಿಗೆ ಎಣ್ಣೆ ಹಚ್ಚಿಕೊಂಡು ಬೆಳಗ್ಗಿನಿಂದ ಸಂಜೆವರೆಗೆ ಒಬ್ಬಳೇ ಸೊಳೆ ಬಿಡಿಸಿದೆ. ಮೇಣ ಹೋಗದೆ ಒಂದು ಸೀರೆ ಹಾಳಾಯಿತು. ಎಂಟು ಕುಡ್ತೆ ಸೊಳೆಗೆ ಒಂದು ಕುಡ್ತೆ ಉಪ್ಪು ಹಾಕಿದೆ. ಸಾಲಲಿಲ್ಲ. ಜೂನ್ ಕೊನೆಗೆ ಭರಣಿ ತೆರೆದರೆ ಮೇಲೆಲ್ಲ ಬೂಷ್ಟು, ಅಡಿಯಲ್ಲಿ ಲೋಳೆ. ಇಡೀ ಭರಣಿ ಗುಂಡಿಗೆ ಸುರಿದೆ, ಅಳು ಬಂತು. ಮರುವರ್ಷ ನಾಲ್ಕಕ್ಕೆ ಒಂದರಂತೆ ಉಪ್ಪು ಹಾಕಿ, ಮೇಲೆ ಭಾರದ ಕಲ್ಲಿಟ್ಟೆ. ಒಂದು ಸೊಳೆಯೂ ಹಾಳಾಗಲಿಲ್ಲ. ರಾತ್ರಿ ನೀರಲ್ಲಿ ಹಾಕಿ ಉಪ್ಪು ಬಿಡಿಸಿಟ್ಟರೆ ಬೆಳಗ್ಗೆ ಪಲ್ಯವೋ ಸಾಂಬಾರಿನಂಥ ಬೆಂದಿಯೋ ಹದಿನೈದೇ ನಿಮಿಷ.

ಬದಿಯಡ್ಕದ ಅಮ್ಮ:
ಅಕ್ಕ, ಅವರು ಕೇಳಿದ್ದು ಈ ವಾರದ ಊಟ. ನೀವು ಹೇಳುತ್ತಿರುವುದು ಮಳೆಗಾಲದ್ದು.

ಪೆರ್ಲದವಳು:
ಅವರ ಮಗನಿಗೆ ಮಜ್ಜಿಗೆ ಆಗುವುದಿಲ್ಲ ಎಂದು ಬರೆದದ್ದನ್ನು ನೀವು ಓದಿದ್ದೀರಾ? ಮೊದಲ ಉತ್ತರವೇ ಮಜ್ಜಿಗೆಯದ್ದು. ಮತ್ತೆ ನನಗೆ ಬುದ್ಧಿ ಹೇಳುವುದು.

ಮುಳ್ಳೇರಿಯದಿಂದ:
ನಮ್ಮ ಮನೆಯಲ್ಲಿ ಅಡಿಗೆ ನನ್ನದು. ಹೆಂಡತಿಗೆ ಕಾಸರಗೋಡಿನಲ್ಲಿ ಕೆಲಸ, ನಾನು ತೋಟ ನೋಡಿಕೊಳ್ಳುವವನು. ನೀವು ಯಾರೂ ಅನ್ನದ ಬಗ್ಗೆ ಹೇಳಲಿಲ್ಲ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ಗಂಟೆ ಬೇಕು, ಅಡಿಗೆಮನೆ ಕಾಯುವುದೇ ಅದರಿಂದ. ನಾನು ಚೂಡಾರಪೆಟ್ಟಿ ತಂದೆ. ಒಂದು ಕುದಿ ಬರಿಸಿ ಪಾತ್ರೆಯನ್ನು ಒಳಗಿಟ್ಟು ಮುಚ್ಚುತ್ತೇವಲ್ಲ, ಅದೇ. 1,650 ರೂಪಾಯಿ ಕೊಟ್ಟೆ.

ಮೊದಲ ವಾರ ನೆಮ್ಮದಿ ಇರಲಿಲ್ಲ. ಬೆಂದಿದೆಯಾ ಎಂದು ಮೂರು ಸಲ ಮುಚ್ಚಳ ತೆಗೆದು ನೋಡಿದೆ, ಬಿಸಿಯೆಲ್ಲ ಹೋಗಿ ಅಕ್ಕಿ ನಡು ಗಟ್ಟಿಯಾಗೇ ಉಳಿಯಿತು. ಮರುದಿನ ರಾತ್ರಿಯಿಡೀ ಬಿಟ್ಟೆ, ಮುದ್ದೆಯಾಯಿತು. ಎರಡು ದಿನದ ಅನ್ನ ದನದ ಹಟ್ಟಿಗೆ ಹೋಯಿತು. ಹೆಂಡತಿ ಏನೂ ಹೇಳಲಿಲ್ಲ, ಅದೇ ನನಗೆ ಜಾಸ್ತಿ ಬೇಸರ ತಂದದ್ದು. ಈಗ ನನ್ನ ಲೆಕ್ಕ ಹೀಗೆ: ಅಕ್ಕಿ ತೊಳೆದು 15 ನಿಮಿಷ ಚೆನ್ನಾಗಿ ಕುದಿಸುವುದು, ಪೆಟ್ಟಿಗೆಯಲ್ಲಿ ಒಂದೂವರೆ ಗಂಟೆ, ನಡುವೆ ಮುಟ್ಟುವುದೇ ಇಲ್ಲ. 36 ದಿನ ಬರುತ್ತಿದ್ದ ಗ್ಯಾಸ್ ಈಗ 50 ದಿನ ಬರುತ್ತದೆ. ಗಂಜಿ ಬಿಸಿ ಇರುತ್ತದೆ, ಜೊತೆಗೆ ಮಾವಿನಕಾಯಿ ನೀರುಗೊಜ್ಜಿ. ಉಪ್ಪುನೀರಲ್ಲಿ ಹಾಕಿಟ್ಟ ಮಾವಿನಕಾಯಿಯನ್ನು ಕೈಯಲ್ಲೇ ಹಿಸುಕಿ, ಹಸಿಮೆಣಸು ಜಜ್ಜಿ, ನೀರು ಹಾಕಿ, ಬೆಳ್ಳುಳ್ಳಿ ಒಗ್ಗರಣೆ. ಐದು ನಿಮಿಷ.

ಉಪ್ಪಳದಲ್ಲಿ ನೆಲೆಸಿದ ಶಿರಸಿಯವಳು:
ಅಣ್ಣ, ಅದು ನಮ್ಮ ಅಪ್ಪೆಹುಳಿಯೇ ಅಲ್ವಾ? ನಾವು ಬೆಳ್ಳುಳ್ಳಿ ಹಾಕುವುದಿಲ್ಲ, ಇಂಗು ಸಾಸಿವೆ ಒಗ್ಗರಣೆ. ಊಟ ಆದ ಮೇಲೆ ಲೋಟದಲ್ಲಿ ಕುಡಿಯುವುದು. ಮದುವೆಯಾಗಿ ಬಂದ ವರ್ಷ ಇಲ್ಲಿ ಮಾಡಿದ್ದೆ. "ಇದೇನು, ನೀರುಗೊಜ್ಜಿ ತೆಳ್ಳಗಾಯಿತಲ್ಲ" ಅಂದರು. ಇಂದಿಗೂ ಆ ಮಾತು ಮರೆತಿಲ್ಲ.

ಮುಳ್ಳೇರಿಯದಿಂದ:
ಅಪ್ಪೆಹುಳಿ ಬೇರೆ, ನೀರುಗೊಜ್ಜಿ ಬೇರೆ. ಅಪ್ಪೆಹುಳಿಗೆ ಮಾವಿನಕಾಯಿ ಬೇಯಿಸುತ್ತೀರಿ. ಇಲ್ಲಿ ಒಲೆ ಬೇಕಾದದ್ದು ಒಗ್ಗರಣೆಗೆ ಮಾತ್ರ.

ಉಪ್ಪಳದಲ್ಲಿ ನೆಲೆಸಿದ ಶಿರಸಿಯವಳು:
ಕಾಟುಮಾವಿನ ಹಸಿ ಕಾಯಿಯಲ್ಲಿ ಮಾಡುವಾಗ ನೀವೂ ಬೇಯಿಸುತ್ತೀರಿ. ನನ್ನ ಅತ್ತೆ ಹಾಗೇ ಮಾಡುವುದು, ಕಣ್ಣಾರೆ ನೋಡಿದ್ದೇನೆ.

ಬದಿಯಡ್ಕದ ಅಮ್ಮ:
ಬೆಳ್ಳುಳ್ಳಿ ಹಾಕದಿದ್ದರೆ ಅದು ನೀರುಗೊಜ್ಜಿಯೇ ಅಲ್ಲ. ಮತ್ತೆ ಪೆರ್ಲದ ಅಕ್ಕನಿಗೆ: ಮಜ್ಜಿಗೆ ಆಗದವರಿಗೆ ಪುನರ್ಪುಳಿ ಸಾರು ಇದೆ. ಒಣಸಿಪ್ಪೆ ನೆನೆಸಿ, ಬೆಲ್ಲ, ಉಪ್ಪು ಹಾಕಿ ಕುದಿಸಿ ಒಗ್ಗರಣೆ ಕೊಟ್ಟರಾಯಿತು. ಕಾಯಿಯೇ ಬೇಡ, ಹಾಗಾಗಿ ಸಂಜೆವರೆಗೂ ಕೆಡುವುದಿಲ್ಲ. ನಾನು ಓದದೆ ಬರೆಯುವವಳಲ್ಲ.

ಪೆರ್ಲದವಳು:
ಈಗ ಹೇಳಿದ್ದೀರಿ, ಸಂತೋಷ. ಆದರೆ ಪುನರ್ಪುಳಿ ಸಾರು ಉಂಡ ಮಕ್ಕಳು ಮೂರು ಗಂಟೆಗೆ ಮತ್ತೆ ಹಸಿವು ಅನ್ನುತ್ತಾರೆ. ಜೊತೆಗೆ ಹಲಸಿನ ಬೀಜ ಹಾಕಿದ ಮಂಗಳೂರು ಸೌತೆಕಾಯಿ ಪಲ್ಯ ಇರಲಿ. ಈ ಸೌತೆಕಾಯಿಯನ್ನು ಬಾಳೆಹಗ್ಗದಲ್ಲಿ ಮನೆಯ ಮಾಡಿಗೆ (ಛಾವಣಿಗೆ) ಕಟ್ಟಿ ನೇತುಹಾಕಿದರೆ ತಿಂಗಳುಗಟ್ಟಲೆ ಇರುತ್ತದೆ, ಫ್ರಿಜ್ಜೇ ಬೇಡ.

ಕುಂಬಳೆ ಸೊಸೆ:
ಎಲ್ಲರಿಗೂ ಥ್ಯಾಂಕ್ಸ್. ಪುನರ್ಪುಳಿ ಸಾರು ನಾಳೆಯೇ ಮಾಡುತ್ತೇನೆ. ಮುಳ್ಳೇರಿಯದ ಅಣ್ಣ, ಐದು ಜನಕ್ಕೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕು? ಮೊಣಕಾಲು ನೋವಿನ ಅತ್ತೆಗೆ ಒಳಗಿನ ಪಾತ್ರೆ ಎತ್ತಲು ಆಗುತ್ತದಾ?

ಮುಳ್ಳೇರಿಯದಿಂದ:
ನಮ್ಮದು ಒಂದು ಕಿಲೋ ಅಕ್ಕಿಯದ್ದು, ನಾಲ್ಕು ಜನಕ್ಕೆ ಎರಡು ಹೊತ್ತಿಗೆ ಸಾಕು. ಗಂಜಿ ತುಂಬಿದಾಗ ಪಾತ್ರೆ ತುಂಬ ಭಾರ, ಅತ್ತೆಯವರು ಎತ್ತುವುದು ಬೇಡ. ಪೆಟ್ಟಿಗೆಯನ್ನು ನೆಲದಲ್ಲಿಡದೆ ಸ್ಟೂಲಿನ ಮೇಲಿಟ್ಟು ಹೋಗಿ, ಸೌಟಲ್ಲಿ ಬಡಿಸಿಕೊಳ್ಳಲಿ. ಶಿರಸಿಯ ಅಕ್ಕ, ನಿಮ್ಮ ಅತ್ತೆ ಬೇಯಿಸುವುದು ಹಸಿ ಕಾಯಿ ಆದ್ದರಿಂದ. ಉಪ್ಪುನೀರಿನ ಕಾಯಿಯನ್ನು ಯಾರೂ ಬೇಯಿಸುವುದಿಲ್ಲ.

ಉಪ್ಪಳದಲ್ಲಿ ನೆಲೆಸಿದ ಶಿರಸಿಯವಳು:
ಅತ್ತೆಯನ್ನೇ ಕೇಳಿದೆ. ಉಪ್ಪುನೀರಿನದ್ದು ಬೇಯಿಸುವುದಿಲ್ಲವಂತೆ. ಆದರೆ ಬೆಳ್ಳುಳ್ಳಿ ಬೇಕೇ ಬೇಕು ಎಂದೇನಿಲ್ಲವಂತೆ, ಬದಿಯಡ್ಕದ ಅಮ್ಮನಿಗೆ ಹೇಳು ಅಂದರು.