12 ದಿನದ ಹೋಲ್ ಬ್ಲಡ್ ಬ್ಯಾಗ್: ಹೆಪ್ಪುಗಟ್ಟುವ ಶಕ್ತಿ ಎಷ್ಟು ಉಳಿದಿರುತ್ತೆ?

ಪ್ರಶ್ನೆ: ಸರ್, ಹೋಲ್ ಬ್ಲಡ್ (ಘಟಕಗಳನ್ನು ಬೇರ್ಪಡಿಸದ ಇಡೀ ರಕ್ತ) ಇರೋ ಸಿಪಿಡಿಎ-1 (ಹೆಪ್ಪುಗಟ್ಟದಂತೆ ರಕ್ತ ಕಾಪಿಡೋ ದ್ರಾವಣ) ಬ್ಯಾಗಿನ ಲೇಬಲ್ ಮೇಲೆ 35 ದಿನ ಅಂತಿದೆ. ಜೋರಾಗಿ ರಕ್ತ ಹೋಗ್ತಿರೋ ರೋಗಿಗೆ 12 ದಿನದ ಬ್ಯಾಗ್ ಹಾಕಿದರೆ ಹೆಪ್ಪುಗಟ್ಟೋಕೆ ನೆರವಾಗುತ್ತಾ?

ಉತ್ತರ: ಆಗುತ್ತೆ. ಆದರೆ 35 ದಿನ ಅನ್ನೋದು ಕೆಂಪುಕಣಗಳ ಲೆಕ್ಕ, ಅದನ್ನು ನೋಡಿ ಹೆಪ್ಪಿನ ಬಗ್ಗೆ ಏನೂ ತೀರ್ಮಾನಿಸಬೇಡಿ. ಫ್ರಿಜ್ಜಿನಲ್ಲಿ ಫೈಬ್ರಿನೋಜನ್ (ಹೆಪ್ಪಿನ ಎಳೆಗಳಾಗುವ ಪ್ರೋಟೀನ್) ಹೆಚ್ಚುಕಮ್ಮಿ ಹಾಗೇ ಉಳಿಯುತ್ತೆ. ಹೆಪ್ಪುಗಟ್ಟಿಸೋ ಇನ್ನೊಂದು ಪ್ರೋಟೀನ್ ಆದ ಫ್ಯಾಕ್ಟರ್ 8 ಮೊದಲ ಕೆಲವು ದಿನಗಳಲ್ಲೇ ಚೆನ್ನಾಗಿ ಇಳಿದು ಆಮೇಲೆ ನಿಧಾನವಾಗುತ್ತೆ. ಫ್ಯಾಕ್ಟರ್ 5 ಮೆಲ್ಲಗೆ ಕುಸಿಯುತ್ತೆ. ಪ್ಲೇಟ್‌ಲೆಟ್‌ಗಳದ್ದೇ ಬೇರೆ ಕಥೆ. ತಣ್ಣಗಾದಾಗ ಅವು ಚಪ್ಪಟೆ ಆಕಾರ ಬಿಟ್ಟು ಉಂಡೆಯಾಗಿ, ಅರ್ಧ ಕೆರಳಿದ ಸ್ಥಿತಿಗೆ ಬರುತ್ತವೆ. ಗಾಯದ ಜಾಗದಲ್ಲಿ ಕೂಡಲೇ ಅಂಟಿಕೊಳ್ಳುತ್ತವೆ, ಆದರೆ ರಕ್ತದಲ್ಲಿ ಬಹಳ ಹೊತ್ತು ಉಳಿಯಲ್ಲ. ಹಾಗಾಗಿ ರಕ್ತಸ್ರಾವಕ್ಕೆ ಸರಿ, ಪ್ಲೇಟ್‌ಲೆಟ್ ಕೌಂಟ್ ಏರಿಸೋಕೆ ಅಂತ ಕೊಡಬೇಡಿ. ಹೆಪ್ಪಿನ ಗಟ್ಟಿತನ ಸುಮಾರು ಎರಡು ವಾರ ತಕ್ಕಮಟ್ಟಿಗೆ ನಿಲ್ಲುತ್ತೆ. ಪ್ಲೇಟ್‌ಲೆಟ್ ಒಂದಕ್ಕೊಂದು ಕೂಡಿಕೊಳ್ಳೋ ಗುಣ ಅದಕ್ಕಿಂತ ಬೇಗ ಕುಂದುತ್ತೆ.

ಒಂದು ವಿಷಯ ವಿಚಾರಿಸಿ: ಬಿಳಿಕಣ ತೆಗೆಯೋ ಫಿಲ್ಟರ್ ಯಾವುದು? ಮಾಮೂಲಿ ಫಿಲ್ಟರ್ ಪ್ಲೇಟ್‌ಲೆಟ್‌ಗಳನ್ನೂ ಹಿಡಿದಿಡುತ್ತೆ. ಪ್ಲೇಟ್‌ಲೆಟ್ ಬಿಡುವಂಥದ್ದಲ್ಲದಿದ್ದರೆ ನಿಮ್ಮ ಕೈಲಿರೋದು ಕೆಂಪುಕಣ ಮತ್ತು ಪ್ಲಾಸ್ಮಾ, ಅಷ್ಟೇ.

ಪ್ರಶ್ನೆ: ಬ್ಯಾಗಿನ ಟ್ಯೂಬ್ ತುಂಡಿನಿಂದ ಸ್ಯಾಂಪಲ್ ತೆಗೆದು ಪಿಟಿ, ಎಪಿಟಿಟಿ (ಪ್ಲಾಸ್ಮಾ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ನೋಡೋ ಪರೀಕ್ಷೆಗಳು) ಮಾಡಿದರೆ ಸಾಲದೇ?

ಉತ್ತರ: ಸಾಲದು. ಅವೆರಡಕ್ಕೂ ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾ ಬಳಸ್ತೀವಲ್ಲ, ಪ್ಲೇಟ್‌ಲೆಟ್ ಸುದ್ದಿಯೇ ಅಲ್ಲಿ ಸಿಗಲ್ಲ. ಟ್ಯೂಬ್ ತುಂಡು ಇಡೀ ಬ್ಯಾಗಿನ ಪ್ರತಿನಿಧಿಯೂ ಅಲ್ಲ. ಬ್ಯಾಗನ್ನು ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿ, ಕಣಗಳು ಪೂರ್ತಿ ಬೆರೆತ ಮೇಲೆ ಸ್ಟೆರೈಲ್ ಡಾಕಿಂಗ್‌ನಿಂದ (ಸೋಂಕು ತಗುಲದಂತೆ ಟ್ಯೂಬ್ ಜೋಡಿಸೋ ಯಂತ್ರ) ಸ್ಯಾಂಪಲ್ ತೆಗೆದು ಥ್ರಾಂಬೋಎಲಾಸ್ಟೋಗ್ರಫಿ (ಇಡೀ ರಕ್ತದ ಹೆಪ್ಪು ಎಷ್ಟು ಬೇಗ, ಎಷ್ಟು ಗಟ್ಟಿಯಾಗುತ್ತೆ ಅಂತ ಅಳೆಯೋ ಪರೀಕ್ಷೆ) ಮಾಡಿ. ಸಾಮಾನ್ಯ ಕಪ್ ವಿಧಾನದಲ್ಲಿ 340 ಮೈಕ್ರೋಲೀಟರ್ ರಕ್ತಕ್ಕೆ 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 20 ಮೈಕ್ರೋಲೀಟರ್, 37 ಡಿಗ್ರಿ. ಬ್ಯಾಗಿನಲ್ಲಿ 450 ಮಿಲಿಗೆ 63 ಮಿಲಿ ಸಿಪಿಡಿಎ-1 ದ್ರಾವಣ ಇರೋದರಿಂದ ಸಿಟ್ರೇಟ್ (ಕ್ಯಾಲ್ಸಿಯಂ ಹಿಡಿದು ಹೆಪ್ಪು ತಡೆಯೋ ವಸ್ತು) ಮಾಮೂಲಿ ಸಿಟ್ರೇಟ್ ಟ್ಯೂಬಿಗಿಂತ ತುಸು ಜಾಸ್ತಿ. ಹೆಪ್ಪು ಶುರುವಾಗೋದು ಸ್ವಲ್ಪ ತಡವಾದ ಮಾತ್ರಕ್ಕೆ ಫ್ಯಾಕ್ಟರ್ ಕೊರತೆ ಅಂದುಕೊಳ್ಳಬೇಡಿ.

ಪ್ರಶ್ನೆ: ನಾಲ್ಕೈದು ಬ್ಯಾಗ್ ಹೋದರೂ ಒಸರೋದು ನಿಲ್ಲದಿದ್ದರೆ? ಬ್ಯಾಗ್ ಹಳೆಯದು ಅಂತಲೇ?

ಉತ್ತರ: ಮೊದಲು ಅಯನೈಸ್ಡ್ ಕ್ಯಾಲ್ಸಿಯಂ (ರಕ್ತದಲ್ಲಿ ಬಿಡಿಯಾಗಿರೋ ಕ್ಯಾಲ್ಸಿಯಂ) ಮತ್ತು ಮೈಯ ತಾಪ ನೋಡಿ. ಬೇಗ ಬೇಗ ಹಾಕಿದಾಗ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಹಿಡಿದುಬಿಡುತ್ತೆ, ಲೀಟರಿಗೆ 1.1 ಮಿಲಿಮೋಲ್‌ಗಿಂತ ಕೆಳಗೆ ಬಿಡಬೇಡಿ. 10 ಶೇಕಡಾ ಕ್ಯಾಲ್ಸಿಯಂ ಕ್ಲೋರೈಡ್ 10 ಮಿಲಿಯಲ್ಲಿ 6.8 ಮಿಲಿಮೋಲ್ ಇದ್ದರೆ ಗ್ಲುಕೋನೇಟ್‌ನಲ್ಲಿ ಬರೀ 2.2. ರಕ್ತ ಹೋಗ್ತಿರೋ ಲೈನಿನಲ್ಲೇ ಕೊಡಬೇಡಿ, ಅಲ್ಲೇ ಹೆಪ್ಪುಗಟ್ಟುತ್ತೆ. ರಕ್ತವನ್ನು ವಾರ್ಮರ್ ಮೂಲಕವೇ ಹಾಯಿಸಿ. ಇವೆರಡೂ ಸರಿಯಿದ್ದು ಒಸರುತ್ತಿದ್ದರೆ ಆಗ ಫೈಬ್ರಿನೋಜನ್ ಪರೀಕ್ಷೆಗೆ ರೋಗಿಯ ಸ್ಯಾಂಪಲ್ ಕಳಿಸಿ.