ಪದಚರ್ಚೆ: ಇಂಜಿನ್ ಆಯಿಲ್‌ಗೆ ‘ಸ್ನಿಗ್ಧತೆ’ ಅನ್ನೋಣವೋ ‘ಮಂದ’ ಅನ್ನೋಣವೋ?

ಎಲ್ಲರಿಗೂ ನಮಸ್ಕಾರ.

ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಹೋದ ಶನಿವಾರ ಗೆಳೆಯನೊಬ್ಬನ ಹಳೇ ಪೋರ್ಷೆ 911ಕ್ಕೆ ಇಬ್ಬರೂ ಸೇರಿ ಆಯಿಲ್ ಬದಲಾಯಿಸಿದೆವು. 1991ರ ಗಾಡಿ, 964 ಅನ್ನುವ ಮಾದರಿ. ಅದನ್ನೆಲ್ಲ ಅಪ್ಪನಿಗೆ ಕನ್ನಡದಲ್ಲಿ ಬರೆದು ಕಳಿಸೋಣ ಅಂತ ಕೂತೆ. ಅಪ್ಪ ಅರಸೀಕೆರೆಯಲ್ಲಿ 30 ವರ್ಷ ಲಾರಿ ಗ್ಯಾರೇಜ್ ನಡೆಸಿದವರು. ಎರಡನೇ ಸಾಲಿಗೇ ಪೆನ್ನು ನಿಂತಿತು.

ವಿಸ್ಕಾಸಿಟಿ, ಅಂದರೆ ದ್ರವ ಸುಲಭವಾಗಿ ಹರಿಯದಂತೆ ತಡೆಯುವ ಗುಣ. ಅದಕ್ಕೆ ನಮ್ಮ ವಿಜ್ಞಾನ ಪಠ್ಯಗಳು ‘ಸ್ನಿಗ್ಧತೆ’ ಅನ್ನುತ್ತವೆ. ನಾನೂ ಹಾಗೇ ಬರೆದೆ. ಫೋನಿನಲ್ಲಿ ಓದಿ ಹೇಳಿದರೆ ಅಪ್ಪ, “ಸ್ನಿಗ್ಧ ಅಂದ್ರೆ ಜಿಡ್ಡು ಅಲ್ವೇನೋ? ಆಯಿಲ್ ಅಂದ್ಮೇಲೆ ಜಿಡ್ಡು ಇದ್ದೇ ಇರುತ್ತೆ. ಮಂದ ಎಷ್ಟು ಅದನ್ನ ಹೇಳು” ಅಂದರು.

ಅವರ ಮಾತು ಸರಿ ಅಂತ ನನಗನ್ನಿಸುತ್ತದೆ. ಸ್ನಿಗ್ಧ, ಸ್ನೇಹ ಎರಡೂ ಒಂದೇ ಧಾತುವಿನಿಂದ ಬಂದವು. ಸಂಸ್ಕೃತದಲ್ಲಿ ಸ್ನೇಹ ಅಂದರೆ ಒಲವೂ ಹೌದು, ಎಣ್ಣೆಯೂ ಹೌದು. ಆಯುರ್ವೇದದ ‘ಸ್ನೇಹನ’ದಲ್ಲಿ ಇರುವುದು ಆ ಎಣ್ಣೆಯೇ. ಚಂದದ ಪದ. ಆದರೆ ಜೇನುತುಪ್ಪಕ್ಕೆ ಜಿಡ್ಡಿಲ್ಲ, ಅದು ಮಂದ. ಸೀಮೆಎಣ್ಣೆಗೆ ಜಿಡ್ಡಿದೆ, ಆದರೂ ಅದು ತೆಳು. ಹಾಗಿದ್ದಮೇಲೆ ಹರಿಯುವ ಗುಣಕ್ಕೆ ಜಿಡ್ಡಿನ ಪದ ಯಾಕೆ? ಲ್ಯಾಟಿನ್ ಮೂಲ ‘ವಿಸ್ಕಮ್’ ಕೂಡ ಅಂಟಿನ ಕಡೆಗೇ ಹೋಗುತ್ತದೆ. ಅದೊಂದು ಬಂದಳಿಕೆ ಗಿಡ. ಅದರ ಹಣ್ಣಿನಿಂದ ಹಕ್ಕಿ ಹಿಡಿಯುವ ಅಂಟು ಮಾಡುತ್ತಿದ್ದರು.

ಅಪ್ಪ ಆಯಿಲ್ ನೋಡುವ ರೀತಿ ನನಗೆ ಚೆನ್ನಾಗಿ ನೆನಪಿದೆ. ಇಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಅಂತ ನೋಡುವ ಕಡ್ಡಿಯಿಂದ ಒಂದು ಹನಿ ಹೆಬ್ಬೆರಳಿಗೆ ಬಿಟ್ಟುಕೊಳ್ಳುತ್ತಿದ್ದರು. ತೋರುಬೆರಳಿನಿಂದ ಒತ್ತಿ, ಮೆಲ್ಲಗೆ ಬಿಡಿಸಿ, ನಡುವಿನ ಎಳೆ ಎಲ್ಲಿ ತುಂಡಾಗುತ್ತೆ ಅಂತ ನೋಡುತ್ತಿದ್ದರು. ಮನೆಯೊಳಗೆ ಅಮ್ಮ ಬೆಲ್ಲದ ಪಾಕವನ್ನೂ ಹಾಗೇ ನೋಡುತ್ತಿದ್ದಳು. ಎಳೆಪಾಕ, ಒಂದೆಳೆ ಪಾಕ, ಎರಡೆಳೆ ಪಾಕ. ಮಂದ ಅಳೆಯುವ ಮಾತು ನಮ್ಮ ಒಲೆಯ ಮುಂದೆ ಮೊದಲೇ ಇತ್ತು ಅಲ್ವಾ?

ಇನ್ನು ಡಬ್ಬದ ಮೇಲಿನ ಅಂಕಿ. ನಾವು ಹಾಕಿದ್ದು 10ಡಬ್ಲ್ಯೂ-60. 3.0 ಲೀಟರ್ ಇಂಜಿನ್ನಿನ 911ರಿಂದ ಹಿಡಿದು, ಗಾಳಿಯಿಂದ ತಣಿಯುವ ಇಂಜಿನ್‌ಗಳಿಗೆ ಪೋರ್ಷೆಯ ಕ್ಲಾಸಿಕ್ ವಿಭಾಗವೇ ಈ ದರ್ಜೆ ಕೊಡುತ್ತದೆ. ಈ ಇಂಜಿನ್‌ಗೆ ನೀರಿನ ರೇಡಿಯೇಟರ್ ಇಲ್ಲ. ಫ್ಯಾನಿನ ಗಾಳಿ ಮತ್ತು ಆಯಿಲ್ಲೇ ಕಾವು ಹೊರಬೇಕು. ಬಿಸಿಯಲ್ಲಿ ನೀರಾಗಿಬಿಡುವ ಆಯಿಲ್ ಇಲ್ಲಿ ನಡೆಯದು.

ಡಬ್ಲ್ಯೂ ಅಂದರೆ ‘ವೇಟ್’, ತೂಕ ಅಂತ ಅಪ್ಪ ತಿಳಿದಿದ್ದರು. ಬಹಳ ಜನ ಹಾಗೇ ತಿಳಿದಿರುತ್ತಾರೆ. ಅದು ‘ವಿಂಟರ್’, ಚಳಿಗಾಲ. ಮೈನಸ್ 25 ಡಿಗ್ರಿ ಚಳಿಯಲ್ಲೂ ಇಂಜಿನ್ ತಿರುಗುವುದಕ್ಕೆ ಬಿಡುವಷ್ಟು ತೆಳುವಾಗಿದ್ದರೆ 10ಡಬ್ಲ್ಯೂ. ಮೈನಸ್ 35ಕ್ಕೂ ತಡೆದರೆ 0ಡಬ್ಲ್ಯೂ. ಕೊನೆಯ 60 ಅನ್ನುವುದು 100 ಡಿಗ್ರಿ ಕಾವಿನಲ್ಲಿ ಉಳಿಯುವ ಮಂದದ ದರ್ಜೆ. ಎರಡೂ ಬೇರೆ ಬೇರೆ ಅಳತೆಗೋಲು. 10 ಇದ್ದದ್ದು ಬಿಸಿಯಾದಮೇಲೆ 60 ಆಗಿ ಮಂದವಾಗುತ್ತದೆ ಅಂದುಕೊಳ್ಳಬಾರದು. ಯಾವ ಆಯಿಲ್ಲಾದರೂ ತಣ್ಣಗಿದ್ದಾಗಲೇ ಮಂದ ಜಾಸ್ತಿ. ಇದನ್ನು ಅಪ್ಪನಿಗೆ ‘ಚಳಿ 10, ಕಾವು 60’ ಅಂತ ಬರೆದೆ. ತಕ್ಷಣ ಅರ್ಥವಾಯಿತು. ಈ ಬಳಕೆ ನಿಮಗೆ ಒಪ್ಪಿಗೆಯೇ?

ಮುಂದಿನ ತೊಡಕು ‘ಡ್ರೈ ಸಂಪ್’. ಲಾರಿಯಲ್ಲಿ ಆಯಿಲ್ ಇಂಜಿನ್ ಕೆಳಗಿನ ಚೇಂಬರಿನಲ್ಲಿ ನಿಲ್ಲುತ್ತದೆ. 911ರಲ್ಲಿ ಕೆಳಗೆ ಬಿದ್ದ ಆಯಿಲನ್ನು ಒಂದು ಪಂಪು ಎಳೆದು ಬೇರೆ ಟ್ಯಾಂಕಿಗೆ ಕಳಿಸುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗ ಆಯಿಲ್ ಒಂದು ಕಡೆ ವಾಲಿ ಬೇರಿಂಗುಗಳು ಒಣಗಬಾರದು, ಅದಕ್ಕೆ ಈ ಏರ್ಪಾಡು. ಹಾಗಾಗಿ ಎರಡು ಕಡೆ ಬಿರಡೆ ಬಿಚ್ಚಿ ಇಳಿಸಬೇಕು, ಟ್ಯಾಂಕಿನದ್ದು ಒಂದು, ಇಂಜಿನ್ನಿನದ್ದು ಒಂದು. ಸುಮಾರು 9 ಲೀಟರ್ ಹಿಡಿಯಿತು. ಕಡ್ಡಿ ನೋಡುವ ಕ್ರಮವೂ ಬೇರೆ: ಸಮತಟ್ಟು ಜಾಗ, ಇಂಜಿನ್ ಚೆನ್ನಾಗಿ ಕಾದಿರಬೇಕು, ಓಡುತ್ತಲೇ ಇರಬೇಕು. ಗಾಡಿ ಆಫ್ ಮಾಡಿ ನೋಡಿದರೆ ಕಮ್ಮಿ ತೋರಿಸುತ್ತದೆ. ಅದನ್ನು ನಂಬಿ ಮೇಲೆ ಸುರಿದರೆ ಜಾಸ್ತಿಯಾಗುತ್ತದೆ.

ಇದಕ್ಕೆ ‘ಒಣ ಸಂಪು’ ಅಂದರೆ ಬೆಂಗಳೂರಿನವರಿಗೆ ನೆಲದಡಿಯ ನೀರಿನ ತೊಟ್ಟಿಯೇ ಕಣ್ಣಿಗೆ ಬರುತ್ತದೆ. ಪದವೇನೋ ಒಂದೇ. ಇಲ್ಲಿನವರ ‘ಸುಂಪ್ಫ್’ಗೆ ಜೌಗು ನೆಲ ಅನ್ನುವ ಅರ್ಥ ಈಗಲೂ ಇದೆ. ನನಗೆ ತೋಚಿದ್ದು ‘ಹೊರತೊಟ್ಟಿ’. ಇದಕ್ಕಿಂತ ಹಗುರವಾದದ್ದು ನಿಮಗೆ ಹೊಳೆದರೆ ಹೇಳಿ.

ಆಯಿಲ್‌ಗೇ ‘ಕೀಲೆಣ್ಣೆ’ ಅನ್ನಬಹುದೇ ಅಂತಲೂ ಯೋಚಿಸಿದೆ. ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಎಣ್ಣೆಯ ಹೆಸರು ಅದು, ಬಲು ಇಷ್ಟದ ಪದ. ಅಚ್ಚಿಗೆ ಹರಳೆಣ್ಣೆಯನ್ನೂ ಹಚ್ಚುತ್ತಿದ್ದರು. 1909ರಲ್ಲಿ ಇಂಗ್ಲೆಂಡಿನಲ್ಲಿ ಇಂಜಿನ್ ಆಯಿಲ್‌ಗೆ ಹರಳೆಣ್ಣೆ ಬೆರೆಸಿಯೇ ‘ಕ್ಯಾಸ್ಟ್ರಾಲ್’ ಅಂತ ಹೆಸರಿಟ್ಟರು, ಕ್ಯಾಸ್ಟರ್ ಅಂದರೆ ನಮ್ಮ ಹರಳು. ಆದರೂ ಗ್ಯಾರೇಜಿನಲ್ಲಿ ಯಾರೂ ಕೀಲೆಣ್ಣೆ ಕೊಡು ಅನ್ನುವುದಿಲ್ಲ. ಅಲ್ಲಿ ‘ಆಯಿಲ್’ ಬೇರೂರಿದೆ, ಅದನ್ನೇ ಬಿಟ್ಟಿದ್ದೇನೆ.

ನನ್ನ ಮುಖ್ಯ ಪ್ರಶ್ನೆ ‘ಮಂದ’ದ್ದು. ನಮ್ಮ ಹಾಸನದ ಕಡೆ ಹಾಲು ಮಂದ, ಸಾರು ಮಂದ ಅಂತೀವಿ. ಬೆಳಕು ಮಂದ, ಬುದ್ಧಿ ಮಂದ ಅನ್ನುವಾಗ ಅರ್ಥವೇ ಬೇರೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಆಯಿಲ್ ಸುಲಭವಾಗಿ ಹರಿಯದಿದ್ದರೆ ಏನಂತೀರಿ? ಗಟ್ಟಿ, ದಪ್ಪ, ಅಥವಾ ಬೇರೆ ಏನಾದರೂ? ನಿಮ್ಮ ಊರಿನ ಮೆಕ್ಯಾನಿಕ್ ಆಡುವ ಮಾತನ್ನೇ, ಅವರು ಹೇಳುವ ಹಾಗೇ ಬರೆದು ತಿಳಿಸಿ.