ಎಲ್ಲಾ ಫೋನಲ್ಲೇ ಸಿಗುವಾಗ ಶಾಲೆ ಯಾಕೆ? ಅನುಭವ ಇದ್ದವರು ಹೇಳಿ

ಪ್ರಶ್ನೆ:
ಮಗಳು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ. ಅಂಕ ಚೆನ್ನಾಗಿಯೇ ಬರುತ್ತೆ. ಆದರೆ ಪರೀಕ್ಷೆ ಮುಗಿದ ಮೇಲೆ ಕೇಳಿದರೆ ಏನೂ ನೆನಪಿರುವುದಿಲ್ಲ. "ಎಲ್ಲಾ ಫೋನಲ್ಲೇ ಇದೆ, ಶಾಲೆ ಯಾಕಮ್ಮಾ?" ಅಂತ ಕೇಳುತ್ತಾಳೆ. ಬಿಡಿಸಿ ಮನೆಯಲ್ಲೇ ಓದಿಸಲಾ ಅಂತ ಯೋಚನೆ.

ಒಬ್ಬ ವಿಜ್ಞಾನ ಶಿಕ್ಷಕರು:
ದಯವಿಟ್ಟು ಬಿಡಿಸಬೇಡಿ. ಆದರೆ ಮಗಳ ಪ್ರಶ್ನೆಯನ್ನು ತಳ್ಳಿಹಾಕಲೂ ಬೇಡಿ. ಮಾಹಿತಿ ತುಂಬುವುದಷ್ಟೇ ಶಾಲೆಯ ಕೆಲಸವಾಗಿದ್ದರೆ ಫೋನೇ ಸಾಕಿತ್ತು.

ನನ್ನ ತರಗತಿಯಲ್ಲಿ ನಡೆದದ್ದು ಹೇಳುತ್ತೇನೆ. ಒಂದು ಬ್ಯಾಟರಿಗೆ ಒಂದೇ ಥರದ ಎರಡು ಬಲ್ಬುಗಳನ್ನು ಸಾಲಾಗಿ ಜೋಡಿಸಿದ್ದೆ. ಸ್ವಿಚ್ ಹಾಕುವ ಮುಂಚೆ, ಯಾವುದು ಜಾಸ್ತಿ ಉರಿಯುತ್ತೆ ಅಂತ ಕೇಳಿದೆ. "ಮೊದಲನೇದು ಸಾರ್, ಕರೆಂಟ್ ಅಲ್ಲೇ ಖರ್ಚಾಗುತ್ತಲ್ಲ" ಅಂದರು ಸುಮಾರು ಮಕ್ಕಳು. ಸರಣಿ ಜೋಡಣೆಯ ಪಾಠ ಬಾಯಿಪಾಠ ಮಾಡಿ ಅಂಕ ತೆಗೆದವರೂ ಅದರಲ್ಲಿದ್ದರು. ಸ್ವಿಚ್ ಹಾಕಿದರೆ ಎರಡನೇ ಬಲ್ಬು ನಿಜಕ್ಕೂ ಚೂರು ಮಂಕು! ಆ ಗುಂಪಿಗೆ ಖುಷಿಯೋ ಖುಷಿ. ಆಗ ಯಾವತ್ತೂ ಕೈ ಎತ್ತದ ಹುಡುಗಿಯೊಬ್ಬಳು ಎದ್ದು ಬಂದು ಬಲ್ಬುಗಳನ್ನು ಅದಲುಬದಲು ಮಾಡಿದಳು. ಮಂಕಾಗಿದ್ದ ಬಲ್ಬು ಮೊದಲನೇ ಜಾಗದಲ್ಲೂ ಮಂಕೇ. ಅಂದರೆ ವ್ಯತ್ಯಾಸ ಇದ್ದದ್ದು ಬಲ್ಬಿನಲ್ಲಿ. ಕರೆಂಟ್ ದಾರಿಯಲ್ಲಿ ಖರ್ಚಾಗುವುದಿಲ್ಲ, ಎರಡರಲ್ಲೂ ಅಷ್ಟೇ ಹರಿಯುತ್ತೆ ಅನ್ನುವಲ್ಲಿಗೆ ವಾದ ಮಾಡುತ್ತಾ ಮಾಡುತ್ತಾ ಅವರೇ ಬಂದರು.

ಒಬ್ಬಳೇ ವಿಡಿಯೋ ನೋಡುವಾಗ ಎದುರು ವಾದಿಸುವವರು ಯಾರಿರುತ್ತಾರೆ ಹೇಳಿ? ಸರ್ಕಾರಿ ಶಾಲೆಗೆ ಎಲ್ಲರ ಮನೆಯ ಮಕ್ಕಳೂ ಬರುತ್ತಾರೆ. ತನ್ನ ಹಾಗೆ ಯೋಚಿಸದವರ ಜೊತೆ ಕೂತು, ಯಾವುದು ನಿಜ ಅಂತ ಪರೀಕ್ಷಿಸಿ ನೋಡುವ ಅಭ್ಯಾಸ ಅಲ್ಲೇ ಆಗಬೇಕು. ನನ್ನ ಪ್ರಕಾರ ಶಾಲೆ ಇರಬೇಕಾದದ್ದೇ ಇದಕ್ಕೆ. ಈಗ ಇದಕ್ಕೆ ಸಮಯ ಸಿಗುವುದು ಕಡಿಮೆ, ಪಾಠ ಮುಗಿಸುವ ಅವಸರವೇ ಜಾಸ್ತಿ. ಅದು ಬದಲಾಗಲೇಬೇಕು.

ಇಬ್ಬರು ಮಕ್ಕಳ ತಂದೆ:
ಮೇಷ್ಟ್ರ ಮಾತು ಒಪ್ಪಿದೆ. ಇದು ಹೊಸ ವಿಚಾರವೂ ಅಲ್ಲ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲೇ ಶಿಕಾಗೋದಲ್ಲಿ ಶಾಲೆ ತೆರೆದು, ಅಡುಗೆ, ನೇಯ್ಗೆ, ಮರಗೆಲಸದ ಮೂಲಕ ಪಾಠ ಕಲಿಸಿದ್ದರು. ಆದರೂ ಬಾಯಿಪಾಠವನ್ನು ಪೂರ್ತಿ ಬೈಯಬೇಡಿ. ಮಗ್ಗಿ ಬಾರದ ಮಗು ಭಿನ್ನರಾಶಿಯಲ್ಲಿ ಒದ್ದಾಡುತ್ತೆ, ಮನೆಯಲ್ಲೇ ನೋಡಿದ್ದೇನೆ.

ಕಾಲೇಜಲ್ಲಿ ಮನಶ್ಶಾಸ್ತ್ರ ಕಲಿಸುವವರು:
ಮರೆವಿನ ಬಗ್ಗೆ ಮಾತ್ರ ಹೇಳುತ್ತೇನೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪಠ್ಯ ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರು ಮುಂದಿದ್ದರು. ವಾರದ ನಂತರ ಬರೆದವರು ಮುಂದೆ! ನಿಮ್ಮ ಮಗಳು ಓದುತ್ತಿರುವುದು ಬಹುಶಃ ಮೊದಲನೇ ಥರ. ಪುಸ್ತಕ ಮುಚ್ಚಿಸಿ, "ನನಗೆ ಪಾಠ ಹೇಳು" ಅನ್ನಿ. ನಾಲ್ಕೈದು ದಿನ ಬಿಟ್ಟು ಅದನ್ನೇ ಮತ್ತೆ ಕೇಳಿ. ತಡವರಿಸಿದರೆ ತಕ್ಷಣ ಉತ್ತರ ಕೊಡಬೇಡಿ. ನೆನಪಿಸಿಕೊಳ್ಳಲು ಪಡುವ ಆ ಕಷ್ಟವೇ ಉಪಯೋಗಕ್ಕೆ ಬರುತ್ತೆ.

ಅದೇ ವಿಜ್ಞಾನ ಶಿಕ್ಷಕರು:
ಇನ್ನೊಂದು ಮಾತು. ಪೋಷಕರ ಸಭೆಯಲ್ಲಿ ಅಂಕಪಟ್ಟಿ ಮಾತ್ರ ನೋಡಿ ಬರಬೇಡಿ. ನೋಟ್‌ಬುಕ್ ಕೇಳಿ. ಎಲ್ಲ ಮಕ್ಕಳ ಪುಸ್ತಕದಲ್ಲೂ ಅಕ್ಷರ ಬಿಡದೆ ಒಂದೇ ಉತ್ತರ ಇದ್ದರೆ, ಯಾಕೆ ಅಂತ ನಿಧಾನವಾಗಿ ವಿಚಾರಿಸಿ. ಪೋಷಕರು ಹೀಗೆ ಕೇಳಿದರೆ ನಮ್ಮಂಥವರಿಗೂ ಮೇಲಿನವರ ಹತ್ತಿರ ಸಮಯ ಕೇಳಲು ಧೈರ್ಯ ಬರುತ್ತೆ.